ತೂಬು ಎತ್ತುವವರು ಯಾರು?

ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ರೈತರ ಬಾಯಲ್ಲಿ 'ಟೇಲೆಂಡ್' ಕನ್ನಡದ ಪದವೇ ಆಗಿಹೋಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲಿನವರ ಗದ್ದೆ ತುಂಬಿಸಿ ಬರುವಷ್ಟರಲ್ಲಿ ಕೊನೆಯವರ ಪಾಲು ಕರಗಿರುತ್ತದೆ. ಅವರು ಬೀದಿಗಿಳಿದು ಕೇಳುವುದು ನ್ಯಾಯ. ಮುಕ್ತ ತಂತ್ರಾಂಶ ಬಳಸುವ ಕನ್ನಡಿಗರೂ ತಮ್ಮನ್ನು ಟೇಲೆಂಡಿನವರೆಂದುಕೊಂಡು, ಬೇಕಾದ ಸೌಲಭ್ಯ ಯಾಕೆ ಬರಲಿಲ್ಲವೆಂದು ಗೊಣಗುವುದುಂಟು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಾಲುವೆಗೆ ಇಲಾಖೆಯಿದೆ, ಕೇಳಲು ಹಕ್ಕಿದೆ. ಮುಕ್ತ ತಂತ್ರಾಂಶದ ಪರವಾನಗಿ ಯಾವ ಖಾತರಿಯನ್ನೂ ಕೊಡದೆ, ಕೋಡನ್ನು ತಿದ್ದುವ ಹಕ್ಕೆಂಬ ತೂಬಿನ ಕೀಲಿಯನ್ನೇ ಕೈಗಿಡುತ್ತದೆ. ಅಲ್ಲಿ ಹೊಸ ಸೌಲಭ್ಯ ಹುಟ್ಟುವುದು ಬೇಡಿಕೆಯ ಬಲದಿಂದಲ್ಲ, ಅದನ್ನು ಬರೆದು, ನಾಳೆ ಕೆಟ್ಟರೆ ಸರಿಪಡಿಸುವ ಹೊಣೆ ಹೊರುವವರಿಂದ.

ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶವನ್ನೇ ನೋಡಿ. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯಲ್ಲಿ ಬೆಳೆದ ಅದು 2005ರಲ್ಲಿ ಮುಕ್ತವಾಯಿತು. 2006ರಿಂದ ಗೂಗಲ್ ಅದನ್ನು ಪೋಷಿಸಿದ ಮೇಲೆಯೇ ಚುರುಕಾಗಿ ಬೆಳೆದು, 2018ರ ನಾಲ್ಕನೇ ಆವೃತ್ತಿಯಲ್ಲಿ ನರಜಾಲದ ಹೊಸ ವಿಧಾನ ಪಡೆಯಿತು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕಥೆಯೂ ಇದೇ: ಲಿನಕ್ಸ್ ಫೌಂಡೇಶನ್‌ನ 2017ರ ವರದಿಯ ಪ್ರಕಾರ, ಸಂಬಳವಿಲ್ಲದವರ ಕೊಡುಗೆ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಬಿಡುವಿನ ವೇಳೆಯ ಉತ್ಸಾಹವೊಂದೇ ಸಾಕೆಂಬ ನಂಬಿಕೆ ಅರ್ಧಸತ್ಯ.

ಹಾಗಾದರೆ ಕೋಡ್ ಬಾರದವರು ಏನು ಮಾಡಬೇಕು, ಇದು ಬಲ್ಲವರ ಆಟವಲ್ಲವೇ ಎಂದು ಕೇಳಬಹುದು. ಆಕ್ಷೇಪಕ್ಕೆ ತೂಕವಿದೆ, ಆದರೆ ಪೂರ್ತಿ ನಿಜವಲ್ಲ. 'ದೇವದುರ್ಗ' ಎಂದು ಬರೆದಾಗ ರ್ ಎಂಬುದು ಗಕಾರದ ನಂತರ ಅರ್ಕಾವತ್ತಾಗಿ ನಿಲ್ಲುತ್ತದೆ. 'ರ‍್ಯಾಂಕ್' ಎಂದಾಗ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗುತ್ತದೆ. ಎರಡಕ್ಕೂ ಕಂಪ್ಯೂಟರಿನ ಲೆಕ್ಕದಲ್ಲಿ ರಕಾರ, ವಿರಾಮ, ವ್ಯಂಜನ ಎಂಬ ಸರಣಿ ಒಂದೇ. ಗೊಂದಲ ತಪ್ಪಿಸಲು ಎರಡನೆಯದರಲ್ಲಿ ಯುನಿಕೋಡ್ ರಕಾರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಇಡಿಸುತ್ತದೆ. ಪರದೆಯ ಮೇಲೆ ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನಂಥ ತಂತ್ರಾಂಶದ ಪರೀಕ್ಷೆಗಳಲ್ಲಿರುವುದು ಇಷ್ಟೇ: ಒಂದು ಫಾಂಟು, ಒಂದು ಅಕ್ಷರಸರಣಿ, ಬರಬೇಕಾದ ರೂಪ. ಎಲ್ಲಿ ತಪ್ಪಿದೆಯೆಂದು ಥಟ್ಟನೆ ಹೇಳಬಲ್ಲದ್ದು ಕನ್ನಡ ಓದುವ ಕಣ್ಣೇ. 'ಕನ್ನಡ ಸರಿಯಾಗಿ ಬರುತ್ತಿಲ್ಲ' ಎಂಬ ದೂರು ಯಾರ ಕೈಗೂ ಸಿಗುವುದಿಲ್ಲ; ಯಾವ ಪದ, ಯಾವ ಫಾಂಟು, ಬಂದದ್ದೇನು, ಬರಬೇಕಾದದ್ದೇನು ಎಂದು ಬರೆದದ್ದು ಅರ್ಧ ಕೆಲಸ.

ಉಳಿದರ್ಧಕ್ಕೆ ಸಂಬಳ ಬೇಕು. ಬರೆದು ಕೈತೊಳೆದುಕೊಂಡ ಕೋಡು ಹೂಳು ತೆಗೆಯದ ಕಾಲುವೆಯಂತೆ. ಅದಕ್ಕೇ ಹೊಸ ಕೋಡನ್ನು ಒಪ್ಪಿಕೊಳ್ಳುವ ಮೊದಲು ತಂತ್ರಾಂಶದ ನಿರ್ವಾಹಕರು 'ನಾಳೆ ಇದನ್ನು ನೋಡಿಕೊಳ್ಳುವವರು ಯಾರು?' ಎನ್ನುತ್ತಾರೆ. ಸರಕಾರ ಒಂದು ತಂತ್ರಾಂಶವನ್ನು ಬಿಡುಗಡೆ ಮಾಡಿ ಮರೆಯುವ ಬದಲು, ಜಗತ್ತಿನ ಸಾಮಾನ್ಯ ತಂತ್ರಾಂಶಗಳಲ್ಲಿ ಕನ್ನಡದ ಭಾಗವನ್ನು ವರ್ಷವಿಡೀ ಕಾಯುವವರಿಗೆ ಹಣ ಇಡಲಿ. 2019ರಲ್ಲಿ ಆರಂಭವಾದ ಐಐಐಟಿ ರಾಯಚೂರಿನಲ್ಲೇ ಇದೆ. ಅದರ ವಿದ್ಯಾರ್ಥಿಗಳು ಇಂಥದ್ದೊಂದು ದೋಷವನ್ನು ಹಿಡಿದು ಕೊನೆಮುಟ್ಟಿಸಲಿ. ತೂಬು ಎತ್ತುವ ಹಕ್ಕು ನಮಗೆ ಸಿಕ್ಕಿಯೇ ಇದೆ. ಬಳಸದಿದ್ದರೆ ಮೇಲಿನವರನ್ನು ದೂರುವುದು ಬೇಡ.