ಹಳೆಯ ಜೀಪಿಗೆ ಹೊಸ ಒಡವೆಗಳೇಕೆ?

ಹಳೆಯ ಜೀಪೊಂದನ್ನು ಕೊಂಡು ಘಟ್ಟದ ಕಚ್ಚಾ ದಾರಿಗಳಲ್ಲಿ ಅಲೆಯಬೇಕೆಂಬ ಹಂಬಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಚೆಗೆ ಬಲವಾಗಿದೆ. ಹಂಬಲದ ಬಗ್ಗೆ ನನಗೆ ಆಕ್ಷೇಪವಿಲ್ಲ. ಮಲೆನಾಡಿನ ಹೈಸ್ಕೂಲುಗಳಲ್ಲಿ ಭೌತಶಾಸ್ತ್ರ ಕಲಿಸುತ್ತಾ ಆಯುಷ್ಯ ಕಳೆದ ನಾನೂ ಒಂದು ಹಳೆಯ ಮಹೀಂದ್ರ ಜೀಪನ್ನು ಸಾಕಿಕೊಂಡೇ ಬಂದವನು. ನನ್ನ ಆಕ್ಷೇಪವಿರುವುದು ಅವರು ಕೇಳುವ ಪ್ರಶ್ನೆಗಳ ಬಗ್ಗೆ. "ಸರ್, 31 ಇಂಚಿನ ಟೈರು ಹಾಕಿಸಬಹುದೇ?" "ಸರ್, ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿದರೆ ಹೇಗೆ?" "ಮಾವ, ಮೇಲೆ ದೀಪದ ಸಾಲು ಕೂರಿಸಿದರೆ ಚೆನ್ನಾಗಿ ಕಾಣುತ್ತದಲ್ಲವೇ?" ಕೊನೆಯ ಪ್ರಶ್ನೆ ಸ್ವಂತ ತಂಗಿಯ ಮಗನದು. ಬ್ರೇಕಿನ ಲೈನರ್ ಎಷ್ಟು ಸವೆದಿದೆ ಎಂದು ನೋಡುವುದು ಹೇಗೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಕೈಯಲ್ಲಿ ಧಾರಾಳವಾಗಿ ಹಣವಿದ್ದವರು ಏನನ್ನು ಬೇಕಾದರೂ ಮಾಡಿಕೊಳ್ಳಲಿ. ನನ್ನ ಮಾತು ಸಂಬಳದಲ್ಲಿ ಉಳಿಸಿದ ಅರವತ್ತೋ ಎಂಬತ್ತೋ ಸಾವಿರ ರೂಪಾಯಿಯನ್ನು ಹಿಡಿದುಕೊಂಡು ಗ್ಯಾರೇಜಿನ ಬಾಗಿಲಿಗೆ ಹೋಗುವವರಿಗೆ. ಆ ಹಣ ಒಂದೇ ಸಲ ಖರ್ಚಾಗುತ್ತದೆ. ಅದನ್ನು ಒಡವೆಗೆ ಸುರಿದರೆ ಪ್ರಾಣ ಉಳಿಸುವ ಭಾಗಗಳಿಗೆ ಏನೂ ಉಳಿಯುವುದಿಲ್ಲ. ಇದು ರುಚಿ-ಅಭಿರುಚಿಗಳ ವಿಚಾರವಲ್ಲ, ಜೀವದ ವಿಚಾರ.

ಕೊಡಚಾದ್ರಿಯನ್ನೇ ನೋಡಿ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರಿನ ಕಡೆಯಿಂದಲೂ ನಿಟ್ಟೂರಿನ ಕಡೆಯಿಂದಲೂ ಬಾಡಿಗೆ ಜೀಪುಗಳು ಜನರನ್ನು ಹೊತ್ತುಕೊಂಡು ಹತ್ತುತ್ತವೆ. ಕಲ್ಲು, ಕೊರಕಲು, ಕೆಂಪು ಕೆಸರು, ಒಂದು ಬದಿಯಲ್ಲಿ ಪ್ರಪಾತ. ಆ ಜೀಪುಗಳಲ್ಲಿ ನೀವು ಪತ್ರಿಕೆಯ ಚಿತ್ರಗಳಲ್ಲಿ ಕಾಣುವ ಯಾವ ಅಲಂಕಾರವೂ ಇರುವುದಿಲ್ಲ. ಟೈರು ಸಾಮಾನ್ಯದ್ದು, ಬಣ್ಣ ಮಾಸಿದ್ದು, ಟಾರ್ಪಾಲು ಹರಿದದ್ದು. "ಅವರಿಗೆ ಅಭ್ಯಾಸ ಸರ್" ಎಂದು ನೀವು ಹೇಳುತ್ತೀರಿ. ಒಪ್ಪಿದೆ. ಅಭ್ಯಾಸವನ್ನು ಅಂಗಡಿಯಲ್ಲಿ ಮಾರುವುದಿಲ್ಲ ಎಂಬುದೇ ನನ್ನ ವಾದ. ಆ ಚಾಲಕರು ಬೆಳಿಗ್ಗೆ ಗಾಡಿಯ ಅಡಿಗೆ ತಲೆ ಹಾಕಿ ನೋಡುತ್ತಾರೆ, ಎಲ್ಲಿ ಎಣ್ಣೆ ಜಿನುಗಿದೆ, ಯಾವ ನಟ್ಟು ಸಡಿಲವಾಗಿದೆ ಎಂದು. ನಾಳೆಯ ಅನ್ನ ಅದರ ಮೇಲೆ ನಿಂತಿದೆ.

ಈ ಜೀಪುಗಳು ಹುಟ್ಟಿದ್ದೇ ಕಚ್ಚಾ ದಾರಿಗಾಗಿ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶವನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. 1985ರಲ್ಲಿ ಬಂದ ಮಾರುತಿ ಜಿಪ್ಸಿ 970 ಸಿಸಿಯ ಪುಟ್ಟ ಎಂಜಿನ್ನಿನಿಂದಲೇ ಎಲ್ಲ ಕಡೆಗೂ ಹೋಯಿತು, ಕಾರಣ ಅದರ ತೂಕ ಸುಮಾರು ಒಂದು ಟನ್ ಮಾತ್ರ. ಇವುಗಳ ಶಕ್ತಿ ಇರುವುದು ಎರಡನೆಯ ಗೇರ್ ಪೆಟ್ಟಿಗೆಯ 'ಲೋ' ಸ್ಥಾನದಲ್ಲಿ. ಹಳೆಯ ಮಹೀಂದ್ರ ಜೀಪಿನಲ್ಲಾದರೆ ಅಲ್ಲಿ ಗಾಲಿಗೆ ಬರುವ ತಿರುಗುಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಇಳಿಯುತ್ತದೆ. (ಕೊಳ್ಳುವ ಮೊದಲು ಆ ಸನ್ನೆ ನಿಜವಾಗಿ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಿ. ನೋಡಲು ಒಂದೇ ತೆರನಾಗಿದ್ದರೂ ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿ ಹೋಗುವ ಜೀಪುಗಳು ನಮ್ಮಲ್ಲಿ ಬೇಕಾದಷ್ಟಿವೆ.)

ಇನ್ನು ದೊಡ್ಡ ಟೈರಿನ ಮಾತು. ಹತ್ತನೆಯ ತರಗತಿಯ ಲೆಕ್ಕ ಸಾಕು. 28 ಇಂಚು ವ್ಯಾಸದ ಟೈರನ್ನು ತೆಗೆದು 31 ಇಂಚಿನದನ್ನು ಹಾಕಿದಿರಿ ಎನ್ನೋಣ. ಅಚ್ಚಿನಿಂದ ನೆಲಕ್ಕಿರುವ ದೂರ ಶೇಕಡ 10ಕ್ಕಿಂತ ತುಸು ಹೆಚ್ಚಾಯಿತು. ಅದೇ ತಿರುಗುಬಲಕ್ಕೆ ನೆಲದಲ್ಲಿ ಸಿಗುವ ನೂಕುಬಲ ಸುಮಾರು ಶೇಕಡ 10ರಷ್ಟು ಇಳಿಯಿತು. ಏರಿಗೆಂದು ಹಾಕಿಸಿದ ಟೈರು ಏರಿನಲ್ಲೇ ಎಂಜಿನ್ನನ್ನು ಸೋಲಿಸುತ್ತದೆ. ಬ್ರೇಕಿನ ಡ್ರಮ್ಮು ಮಾತ್ರ ಹಳೆಯ ಅಳತೆಯದೇ, ಅದರ ಹಿಡಿತವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 66ರಲ್ಲಿರುತ್ತೀರಿ.

ಇದರ ಬದಲು, ಕಾಸಿಲ್ಲದೆ ಆಗುವ ಒಂದು ಕೆಲಸವಿದೆ. ಒತ್ತಡವೆಂದರೆ ವಿಸ್ತೀರ್ಣದ ಮೇಲಿನ ಬಲ ಎಂದು ನಿಮ್ಮಲ್ಲಿ ಅನೇಕರಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಜನಸಹಿತ 1,600 ಕಿಲೋ ತೂಗುವ ಜೀಪಿನ ಟೈರುಗಳಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡವಿದ್ದರೆ ಒಂದೊಂದು ಟೈರೂ ನೆಲವನ್ನು ಸುಮಾರು 200 ಚದರ ಸೆಂಟಿಮೀಟರಿನಷ್ಟು ಮುಟ್ಟುತ್ತದೆ. ಗಾಳಿಯನ್ನು 1.2ಕ್ಕೆ ಇಳಿಸಿದರೆ ಅದು 330ರ ಸುಮಾರಿಗೆ ಬರುತ್ತದೆ. ಟೈರಿನ ಗೋಡೆಯ ಬಿರುಸನ್ನು ಕಳೆದರೂ ಲಾಭ ದೊಡ್ಡದು. ಬೇಕಾದುದು ಒಂದು ಗಾಳಿಮಾಪಕ, ಒಂದು ಪಂಪು. ಡಾಂಬರು ರಸ್ತೆಗೆ ಮರಳುವ ಮುನ್ನ ಗಾಳಿಯನ್ನು ಮತ್ತೆ ತುಂಬಲೇಬೇಕು. ಮೆತ್ತಗಿನ ಟೈರು ವೇಗದಲ್ಲಿ ಕಾಯ್ದು ಸಿಡಿಯುತ್ತದೆ. ಹಾಗೆಯೇ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಹಳೆಯ ಜೀಪಿನ ರಚನೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಗಾಡಿ ಎತ್ತರಿಸುವ ಹುಚ್ಚು ಇದಕ್ಕಿಂತ ಅಪಾಯದ್ದು. ಗಾಲಿಗಳ ನಡುವಿನ ಅಗಲ 1.25 ಮೀಟರ್, ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ನಿಂತ ಗಾಡಿ ಸುಮಾರು 42 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಗುರುತ್ವ ಕೇಂದ್ರವನ್ನು 10 ಸೆಂಟಿಮೀಟರ್ ಮೇಲಕ್ಕೊಯ್ದರೆ ಅದು 38ಕ್ಕೆ ಇಳಿಯುತ್ತದೆ. ಚಲಿಸುವಾಗ, ಸ್ಪ್ರಿಂಗು ಕುಸಿಯುವಾಗ, ಛಾವಣಿಯ ಮೇಲೆ ಹೊರೆಯಿರುವಾಗ ಇನ್ನೂ ಕಡಿಮೆ. ಮಳೆಗಾಲದಲ್ಲಿ ಅಂಚು ಕುಸಿದ ದಾರಿಯಲ್ಲಿ ಆ ನಾಲ್ಕು ಡಿಗ್ರಿಯ ಬೆಲೆ ಏನೆಂದು ಹೇಳಬೇಕಾಗಿಲ್ಲ.

ನನ್ನ ಒಬ್ಬ ಹಳೆಯ ವಿದ್ಯಾರ್ಥಿಯ ಜೀಪಿಗೆ ಆದುದನ್ನು ಹೇಳುತ್ತೇನೆ. ಪೇಟೆಯೊಂದರ ಗ್ಯಾರೇಜಿನವರು ಅವನಿಂದ ದೊಡ್ಡ ಮೊತ್ತ ಪಡೆದು ಗಾಡಿಯನ್ನು ಎತ್ತರಿಸಿಕೊಟ್ಟರು. ಚಾಸಿಸ್ಸಿನಿಂದ ಗಾಲಿಗೆ ಹೋಗುವ ರಬ್ಬರಿನ ಬ್ರೇಕ್ ಹೋಸನ್ನು ಮಾತ್ರ ಹಳೆಯ ಉದ್ದದ್ದನ್ನೇ ಬಿಟ್ಟರು. ಗಾಡಿ ನಿಂತಿದ್ದಾಗ ಅದು ಬಿಗಿಯಾಗಿ ಕಂಡಿತೇ ಹೊರತು ತುಂಡಾಗಲಿಲ್ಲ. ಘಟ್ಟ ಇಳಿಯುವಾಗ ಮುಂದಿನ ಗಾಲಿ ಗುಂಡಿಗೆ ಜೋತುಬಿದ್ದ ಕ್ಷಣ ಹೋಸು ಬಿರಿದು, ಬ್ರೇಕಿನ ಪೆಡಲು ನೆಲ ಮುಟ್ಟಿತು. ಗಾಡಿ ಲೋ ಗೇರಿನಲ್ಲಿದ್ದುದರಿಂದ, ಪಕ್ಕದಲ್ಲಿ ಪ್ರಪಾತದ ಬದಲು ಧರೆಯಿದ್ದುದರಿಂದ, ಹ್ಯಾಂಡ್ ಬ್ರೇಕು ಎಳೆದು ಧರೆಗೆ ಒರಗಿಸಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅವನ ಇಬ್ಬರು ಚಿಕ್ಕ ಮಕ್ಕಳಿದ್ದರು. ಗ್ಯಾರೇಜಿನವರು ಹೇಳಿದ್ದು, "ಹೋಸಿನ ಕೆಲಸ ನಮ್ಮ ಬಿಲ್ಲಿನಲ್ಲಿ ಇರಲಿಲ್ಲವಲ್ಲ."

ಸ್ನಾರ್ಕೆಲ್ ಎಂಬ ಸೊಂಡಿಲನ್ನೂ ಈಗ ಎಲ್ಲರೂ ಕೂರಿಸುತ್ತಿದ್ದಾರೆ. ಎಂಜಿನ್ನಿನೊಳಗೆ ನೀರು ಹೊಕ್ಕರೆ ಅದನ್ನು ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇದು ನಿಜ. ಆದರೆ ಕೀಲುಗಳಲ್ಲಿ ಗಾಳಿ ಬಿಗಿಯಾಗಿಲ್ಲದ, ತೋರಿಕೆಗೆ ಮಾತ್ರ ಸಿಕ್ಕಿಸಿದ ಸೊಂಡಿಲು ಯಾವ ನೀರನ್ನೂ ತಡೆಯುವುದಿಲ್ಲ, ಹಳ್ಳಕ್ಕಿಳಿಯುವ ಧೈರ್ಯವನ್ನು ಮಾತ್ರ ಕೊಡುತ್ತದೆ. ಅದಕ್ಕಿಂತ ಮೊದಲು ಕೆಡುವುದು ಹೌಸಿಂಗು. ಕಾಯ್ದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕಿಂಡಿಯಿಂದಲೋ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳ ನಂತರ ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಚಹಾದಂತಿರುತ್ತದೆ, ಹಲ್ಲುಗಳು ತುಕ್ಕು ಹಿಡಿದಿರುತ್ತವೆ. ಉಸಿರುಕಿಂಡಿಗೆ ಒಂದು ಮಾರು ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ತಂದು ಕಟ್ಟಿದರೆ ಮುಗಿಯಿತು. ಹಳೆಯ ಜೀಪಿಗೆ ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಮಾರ್ಪಾಡು ಇನ್ನೊಂದಿಲ್ಲ. ಇದನ್ನು ಮಾಡಿಸಿಕೊಂಡವರು ನನ್ನ ಪರಿಚಯದವರಲ್ಲಿ ಇಬ್ಬರು ಮಾತ್ರ. ಕೊಳವೆ ಹೊರಗೆ ಕಾಣುವುದಿಲ್ಲವಲ್ಲ!

ಹಾಗಾದರೆ ಹಣ ಎಲ್ಲಿಗೆ? ಮೊದಲು ನಾಲ್ಕೂ ಗಾಲಿಗಳನ್ನು ಬಿಚ್ಚಿಸಿ. ಲೈನರ್, ವೀಲ್ ಸಿಲಿಂಡರು, ಹೋಸು, ಬ್ರೇಕಿನ ಎಣ್ಣೆ. ಆ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಕುಡಿದ ಎಣ್ಣೆ ಉದ್ದನೆಯ ಇಳಿಜಾರಿನ ಕಾವಿಗೆ ಕುದಿದು ಆವಿಯಾಗುತ್ತದೆ, ಆವಿ ಕುಗ್ಗುತ್ತದೆ, ಪೆಡಲು ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಆಗುವ ಖರ್ಚು ಒಂದು ಹೋಟೆಲ್ ಊಟದಷ್ಟು. ಆಮೇಲೆ ಸ್ಟಿಯರಿಂಗಿನ ಟೈ ರಾಡುಗಳು, ಕಿಂಗ್ ಪಿನ್ನು, ಹಬ್ ಬೇರಿಂಗು. ಆಮೇಲೆ ರೇಡಿಯೇಟರ್. ಏರಿನಲ್ಲಿ ಗಾಡಿ ನಡಿಗೆಯ ವೇಗದಲ್ಲಿ ಸಾಗುವಾಗ ಎದುರುಗಾಳಿ ಇರುವುದಿಲ್ಲ, ಎಲ್ಲವನ್ನೂ ಫ್ಯಾನೇ ಮಾಡಬೇಕು. ಪ್ರೊಪೆಲರ್ ಶಾಫ್ಟಿನ ಕ್ರಾಸುಗಳಿಗೆ ಗ್ರೀಸು, ಸ್ಪ್ರಿಂಗಿನ ಬುಶ್ಶುಗಳು. ಇಷ್ಟಾದ ಮೇಲೂ ಹಣ ಉಳಿದರೆ ಒಳ್ಳೆಯ ಟೈರು, ಕಂಪನಿಯ ಅಳತೆಯದೇ.

ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಕೊಕ್ಕೆಗಳು ಚಾಸಿಸ್ಸಿಗೇ ಬೋಲ್ಟ್ ಆಗಿರಬೇಕು. ಬಂಪರಿಗೋ ಟ್ರೇಲರಿನ ಗುಂಡಿಗೋ ಹಗ್ಗ ಬಿಗಿದು ಎಳೆದಾಗ ಆ ಕಬ್ಬಿಣ ಮುರಿದು ಗುಂಡಿನಂತೆ ಹಾರಿ ಜನ ಸತ್ತದ್ದುಂಟು. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ, ಉಳಿದವರನ್ನು ದೂರ ನಿಲ್ಲಿಸಿ. ಒಂದು ಹಾರೆ, ಎರಡು ಹಲಗೆ, ಒಳ್ಳೆಯ ಜ್ಯಾಕು, ಜೊತೆಗೆ ಇನ್ನೊಂದು ಗಾಡಿ ಇದ್ದರೆ ವಿಂಚಿನ ಅಗತ್ಯ ಬೀಳುವುದು ಅಪರೂಪ.

"ನೀವು ಹಳೆಯ ಕಾಲದವರು ಸರ್, ನಮ್ಮ ಹಣ, ನಮ್ಮ ಗಾಡಿ" ಎನ್ನುವವರಿಗೆ ಒಂದು ಮಾತು. ಗಾಡಿ ನಿಮ್ಮದು, ರಸ್ತೆ ನಿಮ್ಮದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಮುಂದೆ ಕೂರಿಸುವ ಆ ಕಬ್ಬಿಣದ ಬುಲ್ ಬಾರಿನ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತು. ಅದು ಪಾದಚಾರಿಯ ಎದೆಗೂಡನ್ನು ಒಡೆಯುತ್ತದೆ. ಹೀಗೆ ಬದಲಿಸಿದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ತಕರಾರು ತೆಗೆಯಬಹುದು. ಕಾಡೂ ನಿಮ್ಮದಲ್ಲ. ಅನುಮತಿಯಿಲ್ಲದೆ ಅಭಯಾರಣ್ಯ ಹೊಕ್ಕರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೊದಲ ಮಳೆಗೆ ಮೀನು ಹತ್ತುವ ಹಳ್ಳದಲ್ಲಿ ಚಿತ್ರಕ್ಕಾಗಿ ನಾಲ್ಕು ಸುತ್ತು ಹೊಡೆಯುವುದನ್ನು ಯಾವ ಕಾನೂನು ತಡೆಯದಿದ್ದರೂ ನಾನು ಬೈಯುತ್ತೇನೆ.

ಇನ್ನೊಂದು ಖರ್ಚನ್ನು ನಿಮ್ಮಲ್ಲಿ ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಹಸಿರು ತೆರಿಗೆ ಬೇರೆ. ಅಲ್ಲಿನ ಇನ್‌ಸ್ಪೆಕ್ಟರರು ನಿಮ್ಮ ದೀಪದ ಸಾಲನ್ನು ಮೆಚ್ಚಿ ರುಜು ಹಾಕುವುದಿಲ್ಲ, ಬದಲಿಗೆ ಬಿಚ್ಚಿಸುತ್ತಾರೆ. ಆದ್ದರಿಂದ ಆ ಹಣವನ್ನು ಮೊದಲೇ ತೆಗೆದಿರಿಸಿ, ಉಳಿದುದರಲ್ಲಿ ಬ್ರೇಕಿನಿಂದ ಆರಂಭಿಸಿ. ತಂಗಿಯ ಮಗನಿಗೂ ಇದನ್ನೇ ಹೇಳಿದ್ದೇನೆ; ಬರುವ ಭಾನುವಾರ ಗಾಡಿ ತರುತ್ತಾನಂತೆ, ಗಾಲಿ ಬಿಚ್ಚುವ ಪಾನಾ ತನ್ನದೇ ತರಬೇಕೆಂದು ತಾಕೀತು ಮಾಡಿದ್ದೇನೆ.