ಮುಟ್ಟಿನ ಮುಂಚಿನ ದಿನಗಳೂ ಪಾಠದಲ್ಲಿರಲಿ

ಹತ್ತನೇ ತರಗತಿಯ ಸಂತಾನೋತ್ಪತ್ತಿ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಋತುಚಕ್ರವೆಂದರೆ ಅಂಡದ ಬಿಡುಗಡೆ, ಗರ್ಭಾಶಯದ ಒಳಪದರ, ರಕ್ತಸ್ರಾವ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದುರಿನ ಬೆಂಚಿನ ಹುಡುಗಿಗೆ ಏನಾಗುತ್ತಿರಬಹುದು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಅದು ಸೇರಬೇಕು ಎಂಬುದು ನನ್ನ ಅಭಿಪ್ರಾಯ.

ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಗರ್ಭ ನಿಲ್ಲದಿದ್ದರೆ ಅದೂ ಈಸ್ಟ್ರೊಜನ್ನೂ ಇಳಿಯುತ್ತವೆ. ಈ ಏರಿಳಿತ ಸಹಜ. ಆದರೆ ಕೆಲವರ ಮಿದುಳು ಇದಕ್ಕೆ ಹೆಚ್ಚು ಸ್ಪಂದಿಸುತ್ತದೆ. ಆಗ ಹೊಟ್ಟೆ ಉಬ್ಬರ, ಸ್ತನಗಳಲ್ಲಿ ನೋವು, ತಲೆನೋವು, ಸುಸ್ತು, ನಿದ್ದೆಗೇಡು, ಸಿಡುಕು, ಅಳು, ಏಕಾಗ್ರತೆಯ ಕೊರತೆ ಕಾಣಿಸಬಹುದು. ಇದೇ ಪಿಎಂಎಸ್. 1931ರಲ್ಲೇ ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ ಇದರ ಬಗ್ಗೆ ಬರೆದಿದ್ದರು. ನಮ್ಮ ತರಗತಿಗಳಲ್ಲಿ ಮಾತ್ರ ಇಂಥ ಹುಡುಗಿಗೆ ಇಂದಿಗೂ ‘ಪಾಠದಲ್ಲಿ ಗಮನವಿಲ್ಲ’ ಎಂಬ ಹಣೆಪಟ್ಟಿ.

‘ಇದನ್ನು ಹೇಳಿಕೊಟ್ಟರೆ ಹುಡುಗಿಯರ ಪ್ರತಿ ಸಿಟ್ಟಿಗೂ ಮುಟ್ಟೇ ಕಾರಣ ಎಂದು ಹುಡುಗರು ಆಡಿಕೊಳ್ಳುವುದಿಲ್ಲವೇ?’ ಎಂದು ಕೇಳಬಹುದು. ಆತಂಕ ನಿಜ. ಅದಕ್ಕೆ ಉತ್ತರ ಅರ್ಧ ತಿಳಿವಳಿಕೆಯನ್ನು ಪೂರ್ತಿ ಮಾಡುವುದು. ಪಿಎಂಎಸ್ ಪತ್ತೆಗೆ ರಕ್ತಪರೀಕ್ಷೆಯಿಲ್ಲ. ಲಕ್ಷಣಗಳು ಮುಟ್ಟಿಗೆ ಮುಂಚೆ ಬಂದು, ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ಹೋಗಿ, ಮುಂದಿನ ಚಕ್ರದಲ್ಲೂ ಮರುಕಳಿಸಬೇಕು. ಅದಕ್ಕೇ ವೈದ್ಯರು ಕನಿಷ್ಠ 2 ಋತುಚಕ್ರಗಳ ಕಾಲ ದಿನವೂ ಬರೆದಿಡಲು ಹೇಳುತ್ತಾರೆ. ಬೇರೆ ದಿನಗಳಲ್ಲೂ ಹುಡುಗಿಯ ಬೇಸರ ಮುಂದುವರಿದರೆ ಮನೆಯಲ್ಲೋ ಶಾಲೆಯಲ್ಲೋ ಬೇರೆ ಕಾರಣವಿದೆಯೇ ಎಂದು ನೋಡಬೇಕಾಗುತ್ತದೆ. ನ್ಯಾಯವಾದ ಸಿಟ್ಟಂತೂ ಯಾವ ದಿನ ಬಂದರೂ ನ್ಯಾಯವೇ.

ತರಗತಿಯಲ್ಲಿ ಮಾಡುವುದು ಸುಲಭ. ಕಪ್ಪುಹಲಗೆಯ ಮೇಲೆ 2 ತಿಂಗಳ ಕ್ಯಾಲೆಂಡರ್ ಬರೆದು, ಕಾಲ್ಪನಿಕ ಹುಡುಗಿಯೊಬ್ಬಳ ಮುಟ್ಟಿನ ದಿನ, ತಲೆನೋವಿನ ದಿನಗಳನ್ನು ಗುರುತಿಸಿ, ‘ಏನು ಕಾಣುತ್ತಿದೆ?’ ಎಂದು ಕೇಳಬೇಕು. ವೀಕ್ಷಣೆ, ದಾಖಲೆ, ತೀರ್ಮಾನ ಮೂರೂ ಇಲ್ಲಿವೆ. ಹುಡುಗರೂ ಕುಳಿತು ಉತ್ತರಿಸಲಿ. ಯಾವ ವಿದ್ಯಾರ್ಥಿನಿಯ ಸ್ವಂತ ದಾಖಲೆಯನ್ನೂ ಕೇಳಬಾರದು, ಅದು ಅವಳದು. ರೋಗನಿರ್ಣಯವೂ ನಮ್ಮ ಕೆಲಸವಲ್ಲ. ಶಾಲೆಗೆ ಬರಲಾಗದಷ್ಟು ನೋವು, ಬದುಕೇ ಬೇಡವೆನ್ನುವಷ್ಟು ಖಿನ್ನತೆ ಇದ್ದರೆ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕೆಂದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಹೇಳಬೇಕು.

ಜೀವವಿಜ್ಞಾನ ಬೋಧನಾ ವಿಧಾನದ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಅಭ್ಯಾಸ ಬೋಧನೆಯಲ್ಲಿ ಈ ಘಟಕದ ಪಾಠಯೋಜನೆಗೆ ಸಹಿ ಹಾಕುವ ಮುನ್ನ, ಈ ಚಟುವಟಿಕೆಗೆ 10 ನಿಮಿಷ ಇಟ್ಟಿದ್ದೇವೆಯೇ ಎಂದು ನೋಡಿ.