ಏಕಗವಾಕ್ಷಿಗೆ ಕಾಣದ ಮಳಿಗೆಗಳು

2002ರ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯು ಏಕಗವಾಕ್ಷಿ ವ್ಯವಸ್ಥೆಗೆ ಶಾಸನದ ಬಲ ನೀಡಿತು. 2020ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ತಾತ್ವಿಕ ಒಪ್ಪಿಗೆ ಪಡೆದ ಉದ್ಯಮಿಯು ಅಫಿಡವಿಟ್ ಸಲ್ಲಿಸಿ ಕಟ್ಟಡ ಕಾಮಗಾರಿ ಆರಂಭಿಸಬಹುದು, ಉಳಿದ ಅನುಮತಿಗಳನ್ನು ನಿಗದಿತ ಅವಧಿಯೊಳಗೆ ಪಡೆದರೆ ಸಾಕು ಎಂದಿತು. ಸ್ವಾಗತಾರ್ಹವೇ. ಆದರೆ ಕಾರ್ಖಾನೆ ಕಟ್ಟುವವರ ಮಾತಿನ ಮೇಲೆ ಇಟ್ಟ ಈ ನಂಬಿಕೆಯನ್ನು, ನಾಲ್ಕು ಹೊಲಿಗೆ ಯಂತ್ರ ಹಾಕಿಕೊಂಡು ಮಳಿಗೆ ತೆರೆಯುವವರ ಮೇಲೆ ಸರ್ಕಾರ ಇಡಬಾರದೇಕೆ?

ಹೀಗೆ ಕೇಳಲು ಕಾರಣವಿದೆ. ನನ್ನ ಪರಿಚಯದ ಇಬ್ಬರು ಮಹಿಳೆಯರು 2019ರಲ್ಲಿ ಸಮವಸ್ತ್ರ ಹೊಲಿದುಕೊಡುವ ಮಳಿಗೆಯನ್ನು ಪಾಲುದಾರಿಕೆಯಲ್ಲಿ ತೆರೆಯಲು ಹೊರಟರು. ಉದ್ದಿಮೆ ಪರವಾನಗಿಗೆ ಸ್ಥಳೀಯ ಸಂಸ್ಥೆ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ವಯ ನೋಂದಣಿಗೆ ಕಾರ್ಮಿಕ ಇಲಾಖೆ, ವೃತ್ತಿ ತೆರಿಗೆಗೆ ವಾಣಿಜ್ಯ ತೆರಿಗೆ ಇಲಾಖೆ, ಪಾಲುದಾರಿಕೆಯ ನೋಂದಣಿಗೆ ಮತ್ತೊಂದು ಕಚೇರಿ. ಎಲ್ಲೆಡೆಯೂ ಕೇಳಿದ್ದು ಅದೇ ಬಾಡಿಗೆ ಕರಾರು, ಅದೇ ಗುರುತಿನ ಚೀಟಿ. ವಿದ್ಯುತ್ ಬಿಲ್ ಕಟ್ಟಡ ಮಾಲೀಕರ ದಿವಂಗತ ತಂದೆಯ ಹೆಸರಿನಲ್ಲಿದೆ ಎಂದು ಒಂದು ಕಡೆ ಅರ್ಜಿ ಹಿಂದಿರುಗಿತು. ಅದನ್ನು ಸರಿಪಡಿಸಿಕೊಂಡು ಹೋದಾಗ ಹೊಸದೊಂದು ಆಕ್ಷೇಪಣೆ. ಬಾಗಿಲು ತೆರೆಯುವ ಮುನ್ನವೇ ಮೂರು ತಿಂಗಳ ಬಾಡಿಗೆ ತೆತ್ತಾಯಿತು. ದೊಡ್ಡ ಕಂಪೆನಿಗೆ ಇಂಥ ವೆಚ್ಚ ಲೆಕ್ಕಕ್ಕೇ ಬಾರದು. ಚಿಕ್ಕವರ ಬಂಡವಾಳವನ್ನೇ ಅದು ಕರಗಿಸುತ್ತದೆ.

ಪಾಲುದಾರಿಕೆಯ ನೋಂದಣಿ ಕಡ್ಡಾಯವೇನಲ್ಲ. ಆದರೆ 1932ರ ಕಾಯ್ದೆಯ 69ನೇ ಪ್ರಕರಣದಂತೆ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯು ತನಗೆ ಬರಬೇಕಾದ ಬಾಕಿಗಾಗಿ ದಾವೆ ಹೂಡುವಂತಿಲ್ಲ. ಅಲೆದು ಬೇಸತ್ತು ನೋಂದಣಿಯನ್ನೇ ಕೈಬಿಟ್ಟವರಿಗೆ ಇದು ತಿಳಿಯುವುದು, ದೊಡ್ಡ ಗಿರಾಕಿಯೊಬ್ಬ ಕೈಕೊಟ್ಟ ಮೇಲೆ.

ಮೇಜಿನ ಆ ಬದಿಯಲ್ಲಿ ದಶಕಗಳ ಕಾಲ ಕುಳಿತವನಾಗಿ ಹೇಳುತ್ತೇನೆ: ವಿಳಂಬಕ್ಕೆ ಲಂಚವೊಂದೇ ಕಾರಣವಲ್ಲ. ಸಹಿ ಹಾಕಿದ್ದೇಕೆ ಎಂದು ಲೆಕ್ಕಪರಿಶೋಧಕರು ಕೇಳುತ್ತಾರೆ. ಹಾಕದೆ ಕಡತವನ್ನು ಇಟ್ಟುಕೊಂಡದ್ದೇಕೆ ಎಂದು ಕೇಳುವವರು ವಿರಳ. ಕೇಳುವ ಯತ್ನವನ್ನು 2011ರ ಸಕಾಲ ಕಾಯ್ದೆ ಮಾಡಿತು. ಆದರೆ ಅದು ಗೊತ್ತುಪಡಿಸಿದ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ. ನಗರದ ಬಾಡಿಗೆಗೆ ಇದು ಯಾವ ಮೂಲೆಗೆ?

ಕೇಂದ್ರ ಸರ್ಕಾರ 2020ರ ಜುಲೈ 1ರಿಂದ ಜಾರಿಗೆ ತಂದ ಉದ್ಯಮ್ ನೋಂದಣಿಯು ಶುಲ್ಕವಿಲ್ಲದೆ, ದಾಖಲೆ ಲಗತ್ತಿಸದೆ, ಕೇವಲ ಆಧಾರ್ ಮತ್ತು ಸ್ವಯಂಘೋಷಣೆಯ ಮೇಲೆ ನಡೆಯುವಂತೆ ರೂಪುಗೊಂಡಿತು. ಅಪಾಯಕಾರಿಯಲ್ಲದ ಉದ್ದಿಮೆಗಳ ಮಟ್ಟಿಗೆ ರಾಜ್ಯವೂ ಘೋಷಣೆಯ ಸ್ವೀಕೃತಿಯನ್ನೇ ಪರವಾನಗಿಯೆಂದು ಪರಿಗಣಿಸಲಿ. ತಪಾಸಣೆ ಆಮೇಲೆ ನಡೆಯಲಿ, ಸುಳ್ಳು ಹೇಳಿದವರಿಗೆ ದಂಡ ಬೀಳಲಿ. ಬೆಂಕಿ, ರಾಸಾಯನಿಕಗಳಿರುವಲ್ಲಿ ಮಾತ್ರ ಈ ಔದಾರ್ಯ ಸಲ್ಲದು. ಇನ್ನು ಆಕ್ಷೇಪಣೆಗಳಿದ್ದರೆ ಎಲ್ಲವನ್ನೂ ಒಂದೇ ಬಾರಿಗೆ, ಲಿಖಿತವಾಗಿ, ಅಧಿಕಾರಿಯ ಹೆಸರಿನೊಡನೆ ತಿಳಿಸುವಂತಾಗಬೇಕು. ಈ ಕೊನೆಯದಕ್ಕೆ ಶಾಸನಸಭೆಯವರೆಗೆ ಹೋಗಬೇಕಿಲ್ಲ, ಸುತ್ತೋಲೆಯೊಂದು ಸಾಕು.